ಬೀಗದ ಭಾವ, ಬೀಗರ ಬಂದೂಕು

ಮನುಷ್ಯನನ್ನು ಕೆರಳಿಸಲು ಬೈಗುಳವೇ ಬೇಕೆಂದಿಲ್ಲ. ‘ಕೂಡ’ ಎಂಬ ಎರಡಕ್ಷರ ಸಾಕು. ನಮ್ಮ ಭಾವನವರ ಹಿತ್ತಲಲ್ಲಿ ಮೂರು ತಿಂಗಳು ಬೆಂಕಿ ಉರಿಯಿತಲ್ಲ, ಅದಕ್ಕೆ ಕಡ್ಡಿ ಗೀರಿದ್ದು ಈ ಕೂಡವೇ.

ಭಾವ ಎಂದರೆ ನಮ್ಮಕ್ಕನ ಯಜಮಾನರು. ಮೂವತ್ತೊಂದು ವರ್ಷದಿಂದ ಬೀಗ ರಿಪೇರಿ ಅವರ ಕಸುಬು. ಕೀಲಿಕೈ ಕಳೆದುಕೊಂಡವರು, ಕೀಲಿಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡವರು, ಕೈತುಂಬ ಕೀಲಿ ಇದ್ದೂ ಯಾವುದು ಯಾವುದರದೆಂದು ಮರೆತವರು, ಎಲ್ಲರೂ ಅವರ ಗಿರಾಕಿಗಳೇ. ಕಣ್ಣು ಮುಚ್ಚಿ, ಬೀಗಕ್ಕೆ ಕಿವಿಯಿಟ್ಟು, ಒಂದು ತಂತಿ ಆಡಿಸಿದರೆಂದರೆ ಎಂಥ ಮೊಂಡು ಬೀಗವೂ ಬಾಯಿ ಬಿಡುತ್ತಿತ್ತು. ಬೀದಿಯವರ ಬಾಯಲ್ಲಿ ಅವರು ಬೀಗದಣ್ಣ. ಬೀಗದಿಂದಲೇ ಬದುಕಿದವರಿಗೆ ಮಗಳ ಮದುವೆಯಾದ ಮೇಲೆ ಬೀಗರೂ ಸಿಕ್ಕರು. ತೊಂದರೆ ಶುರುವಾದದ್ದು ಆ ಬೀಗರ ಮುಂದೆ ಭಾವ ಬೀಗಿದಾಗ.

ಬೀಗರು ಮ್ಯೂಸಿಯಮ್ಮಿನಲ್ಲಿ ಹಳೆಯ ಆಯುಧಗಳ ವಿಭಾಗ ನೋಡಿಕೊಳ್ಳುವವರು. ತೆಳ್ಳಗಿನ, ಮೃದುಮಾತಿನ ಮನುಷ್ಯ. ಮೈಮೇಲೆ ಸೊಳ್ಳೆ ಕೂತರೂ ‘ಸ್ವಲ್ಪ ಏಳ್ತೀರಾ’ ಎಂದು ಕೇಳುವ ಪೈಕಿ. ಮೂವತ್ತು ವರ್ಷ ಕತ್ತಿ, ಗುರಾಣಿ, ಬಂದೂಕುಗಳ ಧೂಳು ಒರೆಸಿದವರಿಗೆ ತಿಳಿಯದೆ ಉಳಿದ ವಿದ್ಯೆ ಒಂದೇ, ಅದು ತಮಾಷೆ. ಯಾರು ಏನೇ ಹೇಳಲಿ, ಅದನ್ನು ನಿಜವೆಂದೇ ನಂಬುತ್ತಿದ್ದರು. ಇಂಥವರು ಬೀಗರಾಗಿ ಸಿಗುವುದು ಪುಣ್ಯ. ಇಂಥವರ ಮುಂದೆ ಜಂಬ ಕೊಚ್ಚುವುದು ಆತ್ಮಹತ್ಯೆ.

ಮದುವೆಯಾದ ಮೇಲೆ ಮೊದಲ ಸಲ ಊಟಕ್ಕೆ ಬಂದಿದ್ದರು. ಊಟ ಮುಗಿದು ಮಾತು ಹಳೇ ಕಾಲದ ಕುಶಲಕರ್ಮಿಗಳ ಕಡೆ ತಿರುಗಿತು. ಚಕಮಕಿ ಕಲ್ಲಿನ ಬಂದೂಕನ್ನು ಹಿಂದೆ ಒಬ್ಬನೇ ಮನುಷ್ಯ ತನ್ನ ಎರಡೇ ಕೈಯಲ್ಲಿ ಮಾಡುತ್ತಿದ್ದನೆಂದು ಬೀಗರು ವಿವರಿಸಿದರು. ನಳಿಕೆಯೂ ಅವನದೇ, ಮರವೂ ಅವನದೇ, ಸ್ಪ್ರಿಂಗೂ ಅವನದೇ. ಕಲ್ಲನ್ನು ಕಚ್ಚಿ ಹಿಡಿದ ಒಂದು ಕೊಕ್ಕು ಇರುತ್ತದೆ, ಅದಕ್ಕೆ ಕುದುರೆ ಎಂದು ಹೆಸರು. ಬೆರಳಿಂದ ಕೊಂಡಿ ಎಳೆದರೆ ಕುದುರೆ ಹಾರಿ ಉಕ್ಕಿನ ಪಟ್ಟಿಗೆ ಬಡಿಯುತ್ತದೆ, ಕಿಡಿ ಹಾರುತ್ತದೆ, ಕೆಳಗಿನ ಮದ್ದಿನ ಬಟ್ಟಲಲ್ಲಿ ಬೀಳುತ್ತದೆ. ಬೆಂಕಿಪೊಟ್ಟಣವೂ ಇಲ್ಲದ ಕಾಲದಲ್ಲಿ ಕಲ್ಲಿನಿಂದ ಬೆಂಕಿ ಹೊರಡಿಸಿದವರು ಎಂಥವರಿರಬೇಕು ಎಂದು ಹೇಳುವಾಗ ಅವರ ಕನ್ನಡಕ ಮಂಜಾಗಿತ್ತು. ಆಮೇಲೆ ಭಾವನವರನ್ನೇ ಮರೆತೆನಲ್ಲ ಎಂದು ಪಾಪ ಅವರಿಗೆ ಅನಿಸಿರಬೇಕು. ಇತ್ತ ತಿರುಗಿ, “ಬೀಗ ರಿಪೇರಿ ಕೂಡ ಒಂದು ಕಲೇನೇ ಬಿಡಿ” ಎಂದರು.

ಭಾವ ಎದ್ದು ನಿಂತರು. ಮೇಜಿನ ಮೇಲೆ ಕೈ ಬಡಿದರು. “ಬಂದೂಕ ಅಂದ್ರೇನು ಬೀಗರೇ, ಅದೂ ಒಂಥರಾ ಬೀಗಾನೇ. ಒಂದು ಸ್ಪ್ರಿಂಗು, ಒಂದು ಕಚ್ಚು, ಒಂದು ಕೊಂಡಿ. ನಾನೂ ಮಾಡ್ತೀನಿ ಬಂದೂಕ. ಮಾಡಿ, ನಿಮ್ಮೆದುರಿಗೇ ಕುದುರೆ ಎಳೀತೀನಿ.”

ಬೇರೆ ಯಾರಾದರೂ ಆಗಿದ್ದರೆ ನಕ್ಕು, ಕೈ ತೊಳೆದು, ಮನೆಗೆ ಹೋಗುತ್ತಿದ್ದರು. ಬೀಗರು ಜೇಬಿನಿಂದ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, “ಯಾವಾಗ?” ಎಂದು ಕೇಳಿದರು. ಮೂರು ತಿಂಗಳಿಗೆ ಮ್ಯೂಸಿಯಮ್ಮಿನಲ್ಲಿ ಕೈಕೆಲಸದ ಪ್ರದರ್ಶನವಿತ್ತಂತೆ. “ನಮ್ಮಲ್ಲಿ ಹನ್ನೊಂದು ಬಂದೂಕ ಇವೆ. ಮಾಡಿದವರು ಒಬ್ಬರೂ ಇಲ್ಲ. ನೀವು ನಿಮ್ಮ ಬಂದೂಕದ ಪಕ್ಕ ನಿಂತ್ಕೊಂಡ್ರೆ ಅದೆಂಥಾ ಭಾಗ್ಯ” ಎಂದು ಎರಡೂ ಕೈ ಜೋಡಿಸಿದರು. ಕೈ ಮುಗಿದವರಿಗೆ ಇಲ್ಲ ಎನ್ನುವುದು ಹೇಗೆಂದು ಭಾವನವರಿಗೆ ಯಾರೂ ಕಲಿಸಿರಲಿಲ್ಲ.

ಬೀಗರು ಹೊರಟಿದ್ದೇ ಅಕ್ಕ ಬಂದಳು. “ಬಾಯಿಗೊಂದು ಬೀಗ ಹಾಕ್ಕೊಳೋಕೆ ಆಗಲ್ವೇನ್ರೀ ನಿಮಗೆ? ಮನೆ ತುಂಬಾ ಬಿದ್ದಿವೆ.”

ಭಾವ ಫ್ಯಾನು ನೋಡಿದರು, ರೇಡಿಯೋ ನೋಡಿದರು, ತಾವು ಕೂತಿದ್ದ ಕುರ್ಚಿಯ ಕಾಲು ನೋಡಿದರು. ಎಲ್ಲಕ್ಕೂ ಅವರ ತೇಪೆ ಇತ್ತು.

“ಈ ಮನೇಲಿ ನಾನೇ ಮಾಡಿದ್ದು ಅಂತ ಒಂದು ವಸ್ತು ತೋರಿಸು ನೋಡೋಣ. ಎಲ್ಲಾ ಯಾರೋ ಮಾಡಿದ್ದು, ನಾನು ಸರಿ ಮಾಡಿದ್ದು. ನಾಳೆ ನಾನು ಹೋದ್ರೆ ‘ಇದು ಅವನು ಮಾಡಿದ್ದು’ ಅಂತ ತೋರಿಸೋಕೆ ಒಂದು ಮೊಳೇನೂ ಇಲ್ಲ.”

“ಮಗಳಿಲ್ವಾ?”

“ಅದ್ರಲ್ಲಿ ನಿನ್ನ ಕೆಲಸಾನೇ ಜಾಸ್ತಿ” ಎಂದರು ಭಾವ.

ಮರುದಿನವೇ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕುಲುಮೆ ಹೊತ್ತಿತು. ತಿದಿ ಒತ್ತಿ ಗಾಳಿ ಹಾಕುವ ಕೆಲಸಕ್ಕೆ ಸಂಬಳವಿಲ್ಲದ ಭಾವಮೈದ, ಅಂದರೆ ನಾನು. ನಳಿಕೆಗೆ ಅಂಗಡಿಯಿಂದ ಒಂದು ಪೈಪು ತಂದರಾಯಿತು ಎಂದು ಸಲಹೆ ಕೊಟ್ಟೆ. ಭಾವ ನನ್ನನ್ನು ತೊಟ್ಟಿಕ್ಕುವ ನಲ್ಲಿಯನ್ನು ನೋಡುವಂತೆ ನೋಡಿದರು. ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಒಂದು ಸಲಾಕೆಯ ಸುತ್ತ ಸುತ್ತಿ, ಅಂಚಿಗೆ ಅಂಚು ಬೆಸೆಯುವ ತನಕ ಬಡಿದು, ಆಮೇಲೆ ಸಲಾಕೆಯನ್ನು ಹೊರಕ್ಕೆಳೆಯಬೇಕು. ಮೊದಲನೆಯ ನಳಿಕೆ ಸೌತೆಕಾಯಿಯಂತೆ ಸೊಟ್ಟಗಾಯಿತು. ಎರಡನೆಯದರಲ್ಲಿ ಸಲಾಕೆ ಹೊರಗೆ ಬರಲು ಒಪ್ಪದೆ ಒಳಗೇ ಸಂಸಾರ ಹೂಡಿತು. ಮೂರನೆಯದು ನಡುವೆ ಬಿರಿಯಿತು. ನಾಲ್ಕನೆಯದು ನಿಂತಿತು. ಅದರ ಒಳಮೈಯನ್ನು ಹನ್ನೆರಡು ದಿನ, ಉದ್ದ ಕಡ್ಡಿಯ ತುದಿಗೆ ಉಕ್ಕಿನ ಅಲಗು ಕಟ್ಟಿ, ತಿರುಗಿಸಿ ತಿರುಗಿಸಿ ಕೆರೆದು ನುಣುಪು ಮಾಡಿದರು. ಒಳಗೆ ಒಂದು ಗೀರು ಉಳಿದರೂ ಅದು ನಳಿಕೆಯಲ್ಲ, ಚರಂಡಿ ಎಂಬುದು ಅವರ ಸಿದ್ಧಾಂತ.

ಹದಿಮೂರನೆಯ ದಿನ ಅದನ್ನು ಬೆಳಕಿಗೆ ಹಿಡಿದು, ತಾವು ಒಂದು ಕಣ್ಣಿಟ್ಟು ನೋಡಿ, ನನ್ನನ್ನು ಕರೆದು, ನೋಡು ಎಂದರು. ನೋಡಿದೆ. ಒಂದರೊಳಗೊಂದು ಬೆಳಕಿನ ಬಳೆಗಳು. ದೂರ ಹೋದಷ್ಟೂ ಚಿಕ್ಕದಾಗುತ್ತಾ, ಒಂದೂ ಸೊಟ್ಟಗಿಲ್ಲದೆ, ಕೊನೆಯಲ್ಲಿ ನಾಣ್ಯದಷ್ಟು ಆಕಾಶ. ಗುಜರಿ ಕಬ್ಬಿಣದ ಹೊಟ್ಟೆಯಲ್ಲಿ ಇಷ್ಟು ಬೆಳಕು ಎಲ್ಲಿತ್ತೋ.

ಆದರೆ ನಳಿಕೆಗೆ ಎರಡು ತುದಿ ಇರುತ್ತವೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು. ನಮ್ಮ ತುದಿಯಲ್ಲಿ ಬೆಳಕಿನ ಬಳೆ ಇತ್ತು. ಇನ್ನೊಂದು ತುದಿಯಲ್ಲಿ ಮಹಡಿ ಮನೆಯ ಲೆಕ್ಕದ ಮೇಷ್ಟ್ರು ಬಟ್ಟೆ ಒಣಹಾಕುತ್ತಿದ್ದರು. ಒದ್ದೆ ಪಂಚೆಯ ಸಂದಿಯಿಂದ ಅವರಿಗೆ ಕಂಡದ್ದು, ತಮ್ಮ ಹಣೆಗೆ ನೇರವಾಗಿ ನಿಂತ ಕಬ್ಬಿಣದ ತೂತು ಮತ್ತು ಅದರ ಹಿಂದೆ ಬೀಗದಣ್ಣನ ಒಂದು ಕಣ್ಣು. ಅವರು ಪಂಚೆಯ ಸಮೇತ ನೆಲಕ್ಕೆ ಬಿದ್ದರು. ಎಂಟು ವರ್ಷದಿಂದ ಅವರ ಒದ್ದೆ ಬಟ್ಟೆಯ ನೀರು ಅಕ್ಕನ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು; ಜಗಳವಾಡಿ ಸಾಕಾಗಿತ್ತು. ಮರುದಿನದಿಂದ ಒಂದು ಹನಿಯೂ ಬೀಳಲಿಲ್ಲ. ಮೇಷ್ಟ್ರು ಬಟ್ಟೆಯನ್ನು ಒಳಗೇ ಒಣಗಿಸತೊಡಗಿದರೋ, ಒಗೆಯುವುದನ್ನೇ ಬಿಟ್ಟರೋ ತಿಳಿಯದು.

ಎದುರುಮನೆಯ ದರ್ಜಿ ಇದಕ್ಕೆ ವ್ಯಾಖ್ಯಾನ ಹೊಲಿದ. ಊಟದ ದಿನ ಅವನ ಕಿಟಕಿ ನಮ್ಮ ಕಿಟಕಿಗೆ ಎದುರಾಗಿ ತೆರೆದಿತ್ತು. ಬೀಗರು ಏನೋ ಅಂದದ್ದು, ಭಾವ ಸಿಡಿದೆದ್ದದ್ದು, ಬಂದೂಕು ಮಾಡಿ ಎದುರಿಗೇ ಕುದುರೆ ಎಳೆಯುತ್ತೇನೆಂದು ಮೇಜು ಗುದ್ದಿದ್ದು, ಇಷ್ಟು ಮಾತ್ರ ಅವನ ಕಿವಿಗೆ ಬಿದ್ದಿತ್ತು. ಅಷ್ಟು ಬಟ್ಟೆ ಸಿಕ್ಕರೆ ಯಾವ ದರ್ಜಿ ತಾನೇ ಅಂಗಿ ಹೊಲಿಯದೆ ಬಿಡುತ್ತಾನೆ? ಬೀಗದಣ್ಣ ಮಗಳ ಮಾವನನ್ನು ಮುಗಿಸಲು ಹೊರಟಿದ್ದಾರೆ ಎಂಬ ಸುದ್ದಿ ಬೀದಿಯ ಎಲ್ಲರ ಅಳತೆಗೂ ಸರಿಹೋಯಿತು. ಜನ ಭಾವನವರನ್ನು ಕಂಡರೆ ದಾರಿ ಬಿಡತೊಡಗಿದರು. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋದರು. ಈ ಮರ್ಯಾದೆಯನ್ನು ಕಂಡು ಭಾವ ಹಿಗ್ಗಿದರು. “ನೋಡಿದ್ಯಾ, ಕೈಕೆಲಸ ಅಂದ್ರೆ ಜನಕ್ಕೆ ಈಗಲೂ ಎಷ್ಟು ಗೌರವ” ಎಂದು ನನಗೆ ಹೇಳಿದರು.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದರು. ಕಾನೂನಿಗೆ ತಲೆಬಾಗುವ ಬೀಗರು ಮ್ಯೂಸಿಯಮ್ಮಿನ ಕಾಗದದಲ್ಲೇ ಠಾಣೆಗೆ ಪತ್ರ ಬರೆದು, ನಮ್ಮ ಬೀಗರು ಬಂದೂಕು ಮಾಡುತ್ತಿದ್ದಾರೆ, ದಯವಿಟ್ಟು ಅನುಮತಿ ಕೊಡಿ ಎಂದು ಕೇಳಿದ್ದರು. ಇನ್ಸ್‌ಪೆಕ್ಟರು ಶೆಡ್ಡಿನಲ್ಲಿ ಸ್ಟೂಲು ಹಾಕಿಸಿಕೊಂಡು ಕೂತು, ಕಂಕುಳಲ್ಲಿದ್ದ ಫೈಲು ತೆಗೆದು, ಟೋಪಿ ಮಡಿಲಲ್ಲಿಟ್ಟುಕೊಂಡು, ಬಹಳ ದುಃಖದಿಂದ ಹೇಳಿದರು.

“ಕೊಂಡ ಬಂದೂಕಕ್ಕೆ ಫಾರಂ ಇದೆ. ಅಪ್ಪ ಬಿಟ್ಟುಹೋದದ್ದಕ್ಕೆ ಇದೆ. ಕಳೆದುಹೋದದ್ದಕ್ಕೂ ಇದೆ. ಮಾಡ್ತಾ ಇರೋದಕ್ಕೆ ಇಲ್ಲ. ಇವತ್ತು ಇದು ಬರೀ ಕಬ್ಬಿಣ. ಕಬ್ಬಿಣಕ್ಕೆ ನಾನು ಅನುಮತಿ ಕೊಡೋ ಹಾಗಿಲ್ಲ. ನಾಳೆ ಇದು ಬಂದೂಕ. ಅನುಮತಿ ಇಲ್ಲದ ಬಂದೂಕ ಇಟ್ಕೊಂಡಿದ್ರೆ ನಿಮ್ಮನ್ನ ಒಳಗೆ ಹಾಕ್ಬೇಕು.”

“ಹಾಗಾದ್ರೆ ಏನು ಮಾಡೋದು ಸಾರ್?”

“ಕಬ್ಬಿಣ ಬಂದೂಕ ಆಗೋ ಗಳಿಗೇಲಿ ನಾನು ಇಲ್ಲೇ ಇರ್ಬೇಕು. ಆ ಗಳಿಗೇಲೇ ಬರ್ಕೊಂಡ್ಬಿಡ್ಬೇಕು. ಒಂದು ನಿಮಿಷ ಹಿಂದಾದ್ರೂ ತಪ್ಪು, ಮುಂದಾದ್ರೂ ತಪ್ಪು.”

ಆ ಗಳಿಗೆ ಯಾವುದು ಎಂಬುದರ ಮೇಲೆ ದೊಡ್ಡ ಚರ್ಚೆಯಾಯಿತು. ಮರ ಜೋಡಿಸಿದಾಗಲೋ, ಕುದುರೆ ಕೂರಿಸಿದಾಗಲೋ ಎಂದು ಇನ್ಸ್‌ಪೆಕ್ಟರು ಕೇಳಿದರು. ಭಾವ ಅರದಿಂದ ಉಜ್ಜುವುದನ್ನು ನಿಲ್ಲಿಸಿ, ಕಿಡಿ ಬಂದಾಗ ಎಂದರು. ಅಲ್ಲಿಯ ತನಕ ಇದು ಬಂದೂಕಲ್ಲ, ತಾನೂ ಬಂದೂಕು ಮಾಡಿದವನಲ್ಲ. ಇನ್ಸ್‌ಪೆಕ್ಟರಿಗೆ ಒಪ್ಪಿಗೆಯಾಯಿತು. ಕಿಡಿ ಸಾಕು, ಆದರೆ ಮದ್ದು ಒಂದು ಚಿಟಿಕೆ ಕಂಡರೂ ಫೈಲೇ ಬೇರೆ ಎಂದು ಬೆರಳೆತ್ತಿ ಎಚ್ಚರಿಸಿದರು. ಅಂದಿನಿಂದ ದಿನಾ ಹನ್ನೊಂದು ಗಂಟೆಗೆ ಬಂದು, ಹೆರಿಗೆ ಆಸ್ಪತ್ರೆಯ ವರಾಂಡದಲ್ಲಿ ಕೇಳುವಂತೆ “ಆಯ್ತಾ?” ಎಂದು ಕೇಳುವರು. ಇನ್ನೂ ಇಲ್ಲ ಎಂದರೆ ಕೂರುವರು. ಸುಮ್ಮನೆ ಕೂತವರು ಎಷ್ಟು ದಿನ ಸುಮ್ಮನೆ ಕೂತಾರು? ಒಂದು ವಾರದಲ್ಲಿ ತಿದಿ ನನ್ನ ಕೈಯಿಂದ ಕಾನೂನಿನ ಕೈಗೆ ಹೋಯಿತು.

ಬೀದಿಗೆ ಕಾಣುತ್ತಿದ್ದದ್ದು ಇಷ್ಟೇ: ಪೊಲೀಸರು ದಿನಾ ಬೀಗದಣ್ಣನ ಮನೆಗೆ ಗಂಭೀರವಾಗಿ ಹೋಗುತ್ತಾರೆ, ಮುಖಕ್ಕೆ ಮಸಿ ಬಳಿದುಕೊಂಡು ವಾಪಸು ಬರುತ್ತಾರೆ. ಪೊಲೀಸರಿಗೇ ಈ ಗತಿಯಾದರೆ ಎಂದು ದರ್ಜಿ ಕತ್ತರಿಯನ್ನು ಕೆಳಗಿಟ್ಟ. ಭಾವ ಹೊಲಿಗೆಗೆ ಕೊಟ್ಟು ಏಳು ತಿಂಗಳಾಗಿದ್ದ ಪ್ಯಾಂಟು ಆ ಸಂಜೆಯೇ ಇಸ್ತ್ರಿಯಾಗಿ ಬಂತು.

ನಳಿಕೆಯ ನಂತರ ಮರ. ಅದಕ್ಕೆ ಸಾಮಾನಿನ ಕೋಣೆಯ ಬಾಗಿಲು ಆಹುತಿಯಾಯಿತು. ಬಾಗಿಲೆಲ್ಲಿ ಎಂದು ಅಕ್ಕ ಕೇಳಿದ್ದಕ್ಕೆ, ಅದಕ್ಕೆ ಬೀಗ ಹಾಕಿರಲಿಲ್ಲವಲ್ಲ ಎಂದು ಭಾವ ಅವಳ ಮೇಲೇ ತಪ್ಪು ಹೊರಿಸಿದರು. ಆಮೇಲೆ ಬಂದೂಕಿನ ಜೀವ, ಅಂದರೆ ಪಕ್ಕದಲ್ಲಿ ಕೂರುವ ಯಂತ್ರ: ಅಂಗೈಯಗಲದ ತಟ್ಟೆ, ಒಳಗೊಂದು ಚಕ್ರ, ಮೂರು ಸ್ಪ್ರಿಂಗು. ಹಳೇ ಲಾರಿಯ ಕಮಾನುಪಟ್ಟಿ ಕತ್ತರಿಸಿ ಸ್ಪ್ರಿಂಗು ಮಾಡಿದರು. ಅದು ‘ಟಿಂಗ್’ ಎಂದು ಮುರಿಯಿತು. ಇನ್ನೊಂದು ಮಾಡಿದರು. ಟಿಂಗ್. ಹದಿಮೂರು ಟಿಂಗುಗಳನ್ನು ಇನ್ಸ್‌ಪೆಕ್ಟರು ಫೈಲಿನ ಹಿಂಬದಿಯಲ್ಲಿ ಗೀಟು ಹಾಕಿ ಲೆಕ್ಕವಿಟ್ಟರು.

ಹದಿನಾಲ್ಕನೆಯದನ್ನು ಹದ ಮಾಡಿದ ಬೆಳಗ್ಗೆ ನಾನೂ ಇದ್ದೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಪಟ್ಟಿಯನ್ನು ಬಿಸಿ ಮರಳಿನ ಮೇಲಿಟ್ಟು ಭಾವ ಬಗ್ಗಿ ಕೂತರು. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ನೋಡುತ್ತಿದ್ದಂತೆ ಕಂದಾಯಿತು, ನೇರಳೆಯಾಯಿತು, ನೇರಳೆಯ ಹಿಂದಿನಿಂದ ನವಿಲಿನ ಕೊರಳಿನ ನೀಲಿ ಒಂದು ಅಂಚಿನಿಂದ ಹರಿದುಬಂತು. ಯಾರೂ ಬಣ್ಣ ಬಳಿದಿರಲಿಲ್ಲ. ಭಾವ ಉಸಿರು ಹಿಡಿದಿದ್ದರು. ನೀಲಿ ಆಚೆ ಅಂಚು ಮುಟ್ಟಿದ ಕ್ಷಣ ಇಕ್ಕಳದಲ್ಲಿ ಹಿಡಿದು ಎಣ್ಣೆಗೆ ಅದ್ದಿದರು. ತಣ್ಣಗಾದ ಮೇಲೆ ಬಗ್ಗಿಸಿದರು. ಟಿಂಗ್ ಎನ್ನಲಿಲ್ಲ. ಬಗ್ಗಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಇನ್ಸ್‌ಪೆಕ್ಟರು ಯಾವಾಗ ಎದ್ದು ನಿಂತಿದ್ದರೋ ಅವರಿಗೇ ಗೊತ್ತಿರಲಿಲ್ಲ.

ಪ್ರದರ್ಶನಕ್ಕೆ ಒಂಬತ್ತು ದಿನ ಇದೆಯೆನ್ನುವಾಗ ಭಾವ ಬೀಗರಿಗೆ ಹೇಳಿ ಕಳಿಸಿದರು: ಬನ್ನಿ, ಕುದುರೆ ಎಳೆಯುತ್ತೇನೆ. ಹೇಳಿ ಕಳಿಸಿದ್ದು ದರ್ಜಿಯ ಫೋನಿನಲ್ಲಿ.

ಬೀಗರು ಬೀದಿಯ ತಿರುವಿನಲ್ಲಿ ಆಟೋ ಇಳಿಯುವಷ್ಟರಲ್ಲಿ ಅಲ್ಲಿ ಒಂದು ನಿಯೋಗವೇ ಕಾದಿತ್ತು. ದರ್ಜಿ ಅವರ ಕೈ ಹಿಡಿದು, ವಾಪಸು ಹೋಗಿಬಿಡಿ, ಅಲ್ಲಿ ಬಂದೂಕಿದೆ ಎಂದ. ಅದನ್ನೇ ನೋಡಲು ಬಂದಿದ್ದೇನೆ ಎಂದರು ಬೀಗರು. ಅವರು ನಿಮ್ಮೆದುರಿಗೇ ಕುದುರೆ ಎಳೆಯುತ್ತಾರಂತೆ ಎಂದು ಮೇಷ್ಟ್ರು ನಡುಗುವ ದನಿಯಲ್ಲಿ ತಿಳಿಸಿದರು. ಹೌದು, ಅದು ನನ್ನ ಭಾಗ್ಯ ಎಂದರು ಬೀಗರು. ಸಾವಿಗೆ ಇಷ್ಟು ಶಾಂತವಾಗಿ ನಡೆದುಹೋಗುವವರನ್ನು ನಮ್ಮ ಬೀದಿ ಕಂಡಿರಲಿಲ್ಲ. ಇಂಥ ದೊಡ್ಡ ಮನುಷ್ಯನನ್ನು ಒಬ್ಬನೇ ಕಳಿಸುವುದು ಹೇಗೆ? ದರ್ಜಿ ಇಸ್ತ್ರಿ ಹಲಗೆಯನ್ನು ಅವರ ಎದೆಗೆ ಅಡ್ಡ ಹಿಡಿದ. ಮೇಷ್ಟ್ರು ಕರಿಹಲಗೆಯಿಂದ ಬೆನ್ನು ಕಾಯ್ದರು. ಉಳಿದವರು ಕೊಡೆ ಬಿಚ್ಚಿಕೊಂಡು ಸುತ್ತ ನಿಂತರು. ಈ ಮೆರವಣಿಗೆ ಹಿತ್ತಲಿಗೆ ಬಂದಾಗ, ಬಿಸಿಲಿಗೆ ಇಷ್ಟು ಉಪಚಾರವೇ ಎಂದು ಅಕ್ಕ ಬೆರಗಾದಳು.

ಭಾವ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಅಷ್ಟೂ ಕೊಡೆಗಳು ಒಟ್ಟಿಗೆ ಅಲುಗಿದವು. ಆದರೆ ಬಂದೂಕು ಈಗ ಬೀಗರ ಕೈಯಲ್ಲಿತ್ತು. ಯಾರು ಯಾರನ್ನು ಹೊಡೆಯುವುದು? ದರ್ಜಿ ಹಲಗೆಯನ್ನು ಮೆಲ್ಲಗೆ ಇಳಿಸಿದ. ಬೀಗರು ಕನ್ನಡಕ ಹಣೆಗೇರಿಸಿ, ತಟ್ಟೆಗೆ ಮೂಗು ತಾಗಿಸಿ, ಒಂದೊಂದು ತಿರುಪಿನ ಮೇಲೂ ಬೆರಳಾಡಿಸಿದರು. ಇದೆಲ್ಲ ಅರದಲ್ಲೇ ಮಾಡಿದ್ದಾ ಎಂದು ಕೇಳಿದರು. ಅರದಲ್ಲೇ ಎಂದರು ಭಾವ. ಬೀಗರು ಶೆಡ್ಡಿನ ನೆಲದ ಮೇಲೆ, ಮಸಿಯ ಮೇಲೆ, ಬಿಳಿ ಪ್ಯಾಂಟಿನಲ್ಲೇ ಕೂತುಬಿಟ್ಟರು.

ಭಾವ ಕುದುರೆಯನ್ನು ಹಿಂದಕ್ಕೆಳೆದರು. ಟಕ್ ಎಂದು ಅರ್ಧಕ್ಕೆ ನಿಂತಿತು. ಇನ್ನೂ ಎಳೆದರು. ಟಕ್ ಎಂದು ಪೂರ್ತಿ ನಿಂತಿತು. ಇನ್ಸ್‌ಪೆಕ್ಟರು ಕೈಗಡಿಯಾರ ನೋಡಿಕೊಂಡು ಪೆನ್ನು ಸಿದ್ಧಮಾಡಿದರು. ಭಾವ ಕೊಂಡಿ ಎಳೆದರು.

ಏನೂ ಆಗಲಿಲ್ಲ.

ಎರಡು ಬೆರಳಲ್ಲಿ ಎಳೆದರು. ಇನ್ಸ್‌ಪೆಕ್ಟರು ಎಳೆದರು. ನಾನು ಗೋಡೆಗೆ ಕಾಲು ಕೊಟ್ಟು ಎಳೆದೆ. ಕುದುರೆ ಕಲ್ಲನ್ನು ಕಚ್ಚಿಕೊಂಡು, ಯಾವ ಸುದ್ದಿಗೂ ಬರುವವನಲ್ಲ ಎನ್ನುವಂತೆ ನಿಂತೇ ಇತ್ತು. ಬೀಗರು ಒಳಗಿನ ಚಕ್ರಕ್ಕೆ ಟಾರ್ಚು ಬಿಟ್ಟು ನೋಡಿದರು. ಅದರಲ್ಲಿ ಎರಡು ಕಚ್ಚು ಇರಬೇಕು. ಮೊದಲನೆಯದು ಏನೇ ಆದರೂ ಬಿಡದಂತೆ ಹಿಡಿಯಬೇಕು. ಎರಡನೆಯದು ಬೆರಳು ತಾಗಿದರೆ ಸಾಕು, ಬಿಟ್ಟುಬಿಡಬೇಕು. ಭಾವ ಎರಡನ್ನೂ ಒಂದೇ ರೀತಿ, ಆಳವಾಗಿ, ಕೊಕ್ಕೆಯಾಗಿ, ಜನ್ಮದಲ್ಲಿ ಬಿಡದಂತೆ ಕಡಿದಿದ್ದರು. ಒಮ್ಮೆ ಹಿಡಿದದ್ದು ಯಾರು ಎಳೆದರೂ ಬಿಡಕೂಡದು ಎಂದು ಮೂವತ್ತೊಂದು ವರ್ಷ ಕಲಿತ ಕೈ ಅದು.

“ಇದು ತುಂಬಾ ಒಳ್ಳೇ ಬೀಗ” ಎಂದರು ಬೀಗರು. ಅವರಿಗೆ ತಮಾಷೆ ಬರುವುದಿಲ್ಲ ಎಂದು ಹೇಳಿದೆನಲ್ಲ.

ಅಲ್ಲಿದ್ದವರಿಗೆಲ್ಲ ಖುಷಿಯೋ ಖುಷಿ. ಕಿಡಿ ಬರದಿದ್ದರೆ ಅದು ಬಂದೂಕಲ್ಲ, ಬಂದೂಕಲ್ಲದಿದ್ದರೆ ಫೈಲೂ ಇಲ್ಲ ಎಂದು ಇನ್ಸ್‌ಪೆಕ್ಟರು ಇಷ್ಟು ದಿನ ಹಿಡಿದಿದ್ದ ಉಸಿರು ಬಿಟ್ಟರು. ದರ್ಜಿಯ ಕಣ್ಣಲ್ಲಿ ಒಂದು ಕೊಲೆ ತಪ್ಪಿತ್ತು. ಬೀಗರು ಭಾವನವರ ಹೆಗಲ ಮೇಲೆ ಕೈಯಿಟ್ಟು, ಹೀಗೇ ಕೊಡಿ, ಗಾಜಿನ ಪೆಟ್ಟಿಗೆಯಲ್ಲಿ ಕೊಂಡಿ ಎಳೆಯುವವರು ಯಾರಿದ್ದಾರೆ, ನೋಡಿದವರಿಗೆ ಗೊತ್ತಾಗುವುದಿಲ್ಲ ಎಂದರು.

ಭಾವ ಬಂದೂಕನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು.

“ನೋಡಿದವರಿಗೆ ಗೊತ್ತಾಗಲ್ಲ, ನಿಜ. ನಂಗೆ ಗೊತ್ತಿರುತ್ತಲ್ಲ ಬೀಗರೇ. ಇಷ್ಟು ವರ್ಷ ಊರವರು ಕೆಟ್ಟಿದ್ದನ್ನೆಲ್ಲಾ ನನ್ನ ಹತ್ರ ತಂದ್ರು. ನಾನು ಮಾಡಿದ್ದು ಇದೊಂದೇ. ಇದೇ ಕೆಟ್ಟಿದ್ರೆ ಯಾರ ಹತ್ರ ತಗೊಂಡು ಹೋಗ್ಲಿ?”

ಹೇಳುತ್ತಲೇ ಯಂತ್ರವನ್ನು ಬಿಚ್ಚಿ, ದಿನಗಟ್ಟಲೆ ಕೂತು ಮಾಡಿದ ಚಕ್ರವನ್ನು ತೆಗೆದು ಗುಜರಿ ಡಬ್ಬಕ್ಕೆ ಹಾಕಿದರು. ಅದು ಬಿದ್ದ ಸದ್ದಿಗೆ ಕೊಡೆಗಳೆಲ್ಲ ಒಂದೊಂದಾಗಿ ಮಡಚಿಕೊಂಡವು.

ಬೀಗರು ಒಂದು ಹೊತ್ತಿಗೆಂದು ಬಂದವರು ಒಂಬತ್ತು ದಿನ ಉಳಿದರು. ಬೀಗರನ್ನು ಕೂರಿಸಿ ಉಪಚರಿಸಬೇಕೆಂಬ ನಿಯಮ ಶೆಡ್ಡಿನ ಬಾಗಿಲಲ್ಲೇ ಸುಟ್ಟುಹೋಯಿತು. “ಬೀಗರೇ, ತಿದಿ” ಎಂದರೆ ಒತ್ತುವರು, “ಬೀಗರೇ, ಬೆಳಕಿಗೆ ಅಡ್ಡ” ಎಂದರೆ ಸರಿಯುವರು. ಬೀದಿಯವರೂ ಮನೆಗೆ ಹೋಗಲಿಲ್ಲ. ದರ್ಜಿ ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ತಂದುಕೊಟ್ಟ. ಮೇಷ್ಟ್ರು ಕೋನಮಾಪಕ ಹಿಡಿದು, ಕಚ್ಚಿನ ಓರೆ ಎಷ್ಟು ಡಿಗ್ರಿ ಇರಬೇಕೆಂದು ಮೂರು ಪುಟ ಲೆಕ್ಕ ಮಾಡಿದರು. ಭಾವ ಆ ಮೂರು ಪುಟದಲ್ಲಿ ಎಣ್ಣೆ ಒರೆಸಿ, ಹೆಬ್ಬೆರಳ ಉಗುರಿನಿಂದ ಕಚ್ಚನ್ನು ಮುಟ್ಟಿ ನೋಡಿದರು. ಮೇಷ್ಟ್ರಿಗೆ ಬೇಸರವಾಗಲಿಲ್ಲ, ಆ ಉಗುರನ್ನೇ ನೋಡುತ್ತಾ ನಿಂತರು.

ಐದು ಚಕ್ರ ಮಾಡಿದರು. ಒಂದು ಮತ್ತೆ ಬೀಗವಾಯಿತು. ಇನ್ನೊಂದು ಎಷ್ಟು ಸಡಿಲವೆಂದರೆ ಇನ್ಸ್‌ಪೆಕ್ಟರು ಕೆಮ್ಮಿದರೆ ಕುದುರೆ ಬೀಳುತ್ತಿತ್ತು. ಎಂಟನೆಯ ದಿನ ಭಾವ ಅರವನ್ನು ಕೆಳಗಿಟ್ಟು ತಲೆ ಹಿಡಿದು ಕೂತರು. “ಗಟ್ಟಿಯಾಗಿ ಹಿಡೀಬೇಕು, ಕೇಳಿದ ತಕ್ಷಣ ಬಿಡ್ಬೇಕು. ಎರಡೂ ಒಂದೇ ಕಡೆ ಹೆಂಗೆ ಆಗುತ್ತೆ?”

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಮಗಳನ್ನ ಇವರ ಮನೆಗೆ ಕಳಿಸೋವಾಗ ಮಾಡಿದ್ರಲ್ಲ ನೀವು. ಹಂಗೇ” ಎಂದಳು.

ಬೀಗರು ತಿದಿ ನಿಲ್ಲಿಸಿದರು. ಭಾವ ಅಕ್ಕನನ್ನು ಒಂದು ಗಳಿಗೆ ನೋಡಿ, ಅರ ಎತ್ತಿಕೊಂಡು, ಆರನೆಯ ಚಕ್ರಕ್ಕೆ ಕೂತರು.

ಒಂಬತ್ತನೆಯ ದಿನ ಮಧ್ಯಾಹ್ನ ಎಲ್ಲರೂ ಶೆಡ್ಡಿನೊಳಗೆ ತುಂಬಿಕೊಂಡೆವು. ಕಿಡಿ ಚೆನ್ನಾಗಿ ಕಾಣಲೆಂದು ಬಾಗಿಲು ಮುಚ್ಚಿ, ತಗಡಿನ ತೂತುಗಳಿಗೆಲ್ಲ ದರ್ಜಿ ಬಟ್ಟೆ ಚೂರು ತುರುಕಿದ. ಕಗ್ಗತ್ತಲು. ಬೆವರಿನ, ಎಣ್ಣೆಯ, ಇದ್ದಿಲಿನ ವಾಸನೆ. ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿತ್ತು, ಬಹುಶಃ ಕಾನೂನಿನದು. ಟಕ್ ಎಂದಿತು. ಮತ್ತೆ ಟಕ್ ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ, ಭಾವ ಉಸಿರಾಡುತ್ತಿರಲಿಲ್ಲ.

ಕಲ್ಲು ಉಕ್ಕನ್ನು ಕೆರೆದುಕೊಂಡು ಇಳಿಯಿತು. ಕಿಡಿ ಒಂದಲ್ಲ, ಎರಡಲ್ಲ. ಕಿತ್ತಳೆ ಬಣ್ಣದ ಗೊಂಚಲೊಂದು ಕತ್ತಲನ್ನು ಸೀಳಿ ಬಟ್ಟಲಿಗೆ ಸುರಿದು, ಅಲ್ಲೇ ಕ್ಷಣಕಾಲ ಕುಣಿದು ಆರಿತು. ಅಷ್ಟರಲ್ಲೇ ಎಲ್ಲರ ಮುಖ ಎಲ್ಲರಿಗೂ ಕಂಡಿತು. ಎಲ್ಲರ ಬಾಯಿಯೂ ತೆರೆದಿತ್ತು.

ಮತ್ತೆ ಕತ್ತಲು. ಬಾಗಿಲು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಗಳಿಗೆ ಬರೆದುಕೊಳ್ಳಬೇಕಾದ ಇನ್ಸ್‌ಪೆಕ್ಟರೂ ಹೇಳಲಿಲ್ಲ. ಕೊನೆಗೆ ಬೀಗರ ದನಿ ಕೇಳಿತು. “ಮೂವತ್ತು ವರ್ಷದಿಂದ ಹನ್ನೊಂದು ಬಂದೂಕ ಒರೆಸ್ತಿದೀನಿ. ಒಂದೂ ನನ್ನ ಹತ್ರ ಮಾತಾಡಿರಲಿಲ್ಲ.”

ಬಾಗಿಲು ತೆಗೆದಾಗ ಗಂಟೆ ಮೂರು ಹನ್ನೆರಡು. ಇನ್ಸ್‌ಪೆಕ್ಟರು ಸ್ಟೂಲಿನ ಮೇಲೆ ಕೂತು, ಫಾರಂ ಇಲ್ಲದ್ದರಿಂದ ಒಂದು ಬಿಳಿ ಹಾಳೆಯನ್ನು ಫೈಲಿನ ಮೇಲಿಟ್ಟುಕೊಂಡು, ತಾವೇ ವಾಕ್ಯ ಕಟ್ಟಿ ಬರೆಯತೊಡಗಿದರು. ನಡುವೆ ತಲೆಯೆತ್ತಿ, ಮಾಡಿದವರು ಯಾರೆಂದು ಬರೆಯಲಿ ಎಂದು ಕೇಳಿದರು.

“ನಾನು” ಎಂದರು ಭಾವ.

‘ನಾನು’ ಎಂದು ಬರೆಯುವ ಹಾಗಿಲ್ಲ, ಹೆಸರು ಬೇಕು ಎಂದರು ಇನ್ಸ್‌ಪೆಕ್ಟರು. ಭಾವ ಹೇಳಿದರು. ತಂದೆಯ ಹೆಸರೂ ಸೇರಿಸಿ, ಪೂರ್ತಿಯಾಗಿ, ಶಾಲೆಯಲ್ಲಿ ಹಾಜರಿಗೆ ನಿಂತವರಂತೆ ಹೇಳಿದರು. ಮೂವತ್ತು ವರ್ಷದ ನೆರೆಯವನಾದ ದರ್ಜಿಗೆ ಬೀಗದಣ್ಣನಿಗೆ ಇಂಥದೊಂದು ಹೆಸರಿದೆಯೆಂದು ಗೊತ್ತಾದದ್ದೇ ಆಗ. ಇನ್ಸ್‌ಪೆಕ್ಟರು ಸಹಿ ಹಾಕಿ ಗಟ್ಟಿಯಾಗಿ ಓದಿದರು: ಈ ದಿನ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ, ನನ್ನ ಕಣ್ಣೆದುರಿಗೆ, ಒಂದು ಚಕಮಕಿ ಬಂದೂಕು ಆಯಿತು, ಇದನ್ನು ಕೈಯಿಂದ ಮಾಡಿದವರು ಇಂಥವರು.

ಭಾವ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಕೈ ಆಗಲೇ ಸ್ವಚ್ಛವಾಗಿತ್ತು, ಆದರೂ ಒರೆಸುತ್ತಲೇ ಇದ್ದರು.

“ಇನ್ನೊಂದ್ಸಲ ಓದಿ ಸಾರ್.”

ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು, ಎದ್ದು ನಿಂತು, ಮತ್ತೆ ಓದಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಷ್ಟ್ರು ಚಪ್ಪಲಿ ಬಿಟ್ಟಿದ್ದರು, ಯಾವಾಗ ಬಿಟ್ಟರೋ. ಓದು ಮುಗಿಯಿತು. ಭಾವನವರಿಗೆ ಮೂರನೆಯ ಸಲ ಕೇಳಲು ಸಂಕೋಚವಾಗಿರಬೇಕು, ತಲೆ ತಗ್ಗಿಸಿ ನಿಂತಿದ್ದರು.

ಬೀಗರೇ ಕೇಳಿದರು.